ದಿನಕ್ಕೆ ಎಷ್ಟು ನಾಯಿ? ಗ್ರೂಮಿಂಗ್ ವ್ಯಾನ್ ಬಗ್ಗೆ ನಿಮ್ಮ ಪ್ರಶ್ನೆಗಳು

ಮನೆ ಬಾಗಿಲಿಗೇ ವ್ಯಾನ್ ತಂದು ನಾಯಿಗಳ ಸ್ನಾನ, ಕೂದಲು, ಉಗುರಿನ ಕೆಲಸ ಮಾಡುವವಳು ನಾನು. ಈ ಸಲ ಬಂದ ಪತ್ರಗಳಲ್ಲಿ ಈ ಕಸುಬಿಗೆ ಇಳಿಯಬೇಕೆಂದಿರುವವರದ್ದೂ ಇವೆ, ನಾಯಿ ಸಾಕಿದವರದ್ದೂ ಇವೆ. ಎರಡನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸಲೂನಿನಲ್ಲಿ ಗ್ರೂಮಿಂಗ್ ಕಲಿತಿದ್ದೇನೆ. ಈಗ ಸ್ವಂತ ವ್ಯಾನ್ ಮಾಡುವ ಆಸೆ. ದಿನಕ್ಕೆ ಹತ್ತು ನಾಯಿ ಮಾಡಿದರೆ ಸಾಲ ಬೇಗ ತೀರುತ್ತದೆ ಅಂತ ಗೆಳೆಯರು ಹೇಳುತ್ತಾರೆ. ಆಗುತ್ತದಾ?

ಒಬ್ಬರೇ ಮಾಡುವುದಾದರೆ ಆಗುವುದಿಲ್ಲ. ನಾಲ್ಕು, ಹೆಚ್ಚೆಂದರೆ ಐದು. ಸಾಲದ ಕಂತನ್ನು ಈ ಸಂಖ್ಯೆಯ ಮೇಲೇ ಲೆಕ್ಕ ಹಾಕಿ. ಅದಕ್ಕೂ ಕಂತು ಭಾರವಾದರೆ ಚಿಕ್ಕ ವ್ಯಾನ್ ನೋಡಿ. ನಾಯಿಗಳ ಸಂಖ್ಯೆ ಮಾತ್ರ ಏರಿಸಬೇಡಿ.

ಮೊದಲು ನೀರು. ನನ್ನ ವ್ಯಾನ್‌ನಲ್ಲಿ ಚಿಕ್ಕ ನಾಯಿಗೆ ಸುಮಾರು 20 ಲೀಟರ್ ಬೇಕು, ದಪ್ಪ ಕೂದಲಿನ ದೊಡ್ಡ ನಾಯಿಗೆ 50 ಲೀಟರ್ ಹತ್ತಿರ ಹೋಗುತ್ತದೆ. 200 ಲೀಟರ್ ಟ್ಯಾಂಕ್ ಅಂದರೆ ನೀರೇ 200 ಕೆಜಿ. ಬಳಸಿದ ನೀರಿಗೂ ಅಷ್ಟೇ ದೊಡ್ಡ ಇನ್ನೊಂದು ಟ್ಯಾಂಕ್ ಬೇಕು, ರಸ್ತೆಬದಿಯ ಮಳೆನೀರಿನ ಚರಂಡಿಗೆ ಬಿಡುವ ಹಾಗಿಲ್ಲ. ಅರ್ಧ ತುಂಬಿದ ಟ್ಯಾಂಕ್ ತಿರುವಿನಲ್ಲಿ ವ್ಯಾನನ್ನೇ ಒಂದು ಕಡೆಗೆ ಎಳೆಯುತ್ತದೆ. ಹಾಗಾಗಿ ಒಳಗೆ ಅಡ್ಡಗೋಡೆ ಇರುವ ಟ್ಯಾಂಕ್ ಮಾಡಿಸಿ. ಅದನ್ನು ಹಿಂದಿನ ಬಾಗಿಲ ಹತ್ತಿರ ಇಡದೆ, ಮುಂದಿನ ಹಿಂದಿನ ಚಕ್ರಗಳ ನಡುವೆ, ತಗ್ಗಿನಲ್ಲಿ ಕೂರಿಸಿ.

ಆಮೇಲೆ ಕರೆಂಟ್. ಹೊಸಬರು ಸಿಕ್ಕಿಬೀಳುವುದು ಇಲ್ಲೇ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1200 ವ್ಯಾಟ್-ಅವರ್. ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ನಿಮ್ಮ ಡ್ರೈಯರ್ 2000 ವ್ಯಾಟಿನದ್ದಾದರೆ, 18 ನಿಮಿಷಕ್ಕೆ ಆಟ ಮುಗಿಯಿತು. ಅಷ್ಟರಲ್ಲಿ ಒಂದು ಗೋಲ್ಡನ್ ರಿಟ್ರೀವರ್ ಕೂಡ ಒಣಗುವುದಿಲ್ಲ. ದೊಡ್ಡ ಲಿಥಿಯಂ ಬ್ಯಾಟರಿ, ಜನರೇಟರ್, ಇಲ್ಲವೇ ಗಿರಾಕಿಯ ಮನೆಯಿಂದ ವೈರ್, ಈ ಮೂರರಲ್ಲಿ ಒಂದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಜನರೇಟರ್ ಆದರೆ ಹೊಗೆ ಒಳಗೆ ಬರದ ಹಾಗೆ ದೂರ ಇಡಿ, ವ್ಯಾನ್ ಒಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒದ್ದೆ ನಾಯಿ, ಒದ್ದೆ ನೆಲ, ಪಕ್ಕದಲ್ಲೇ ಪ್ಲಗ್ ಇರುವ ಜಾಗ ಇದು. 30 ಮಿಲಿಆಂಪಿಯರ್ ಕರೆಂಟ್ ಸೋರಿದರೂ ಟ್ರಿಪ್ ಆಗುವ ಬ್ರೇಕರ್ ಇಲ್ಲದೆ ಕೆಲಸ ಶುರು ಮಾಡಲೇಬೇಡಿ.

ಕೊನೆಗೆ ನಿಮ್ಮ ಕೈ. ಸ್ನಾನ, ಒಣಗಿಸುವುದು, ಕತ್ತರಿಸುವುದು, ಉಗುರು, ಕಿವಿ ಎಲ್ಲ ಸೇರಿ ಒಂದೂವರೆ ಗಂಟೆ. ಅದರ ಮೇಲೆ ದಾರಿ, ಮತ್ತೆ ಪ್ರತಿ ನಾಯಿಯ ನಂತರ ತೊಟ್ಟಿ ತೊಳೆದು, ಬ್ಲೇಡು ಬಾಚಣಿಗೆಗಳಿಗೆ ಸೋಂಕುನಾಶಕ ಹಾಕುವ ಕೆಲಸ. ರಿಂಗ್‌ವರ್ಮ್ ಅನ್ನುವ ಚರ್ಮದ ಸೋಂಕು ಒಂದು ನಾಯಿಯಿಂದ ಇನ್ನೊಂದಕ್ಕೆ, ನಿಮಗೂ ದಾಟುತ್ತದೆ. ಹತ್ತು ನಾಯಿ ಮಾಡುವವರು ಈ ಸಮಯವನ್ನು ಎಲ್ಲಿಂದ ತರುತ್ತಾರೆ? ಡ್ರೈಯರಿನ ಬಿಸಿ ಜಾಸ್ತಿ ಮಾಡುತ್ತಾರೆ. ಕಾದ ಬ್ಲೇಡನ್ನು ಬದಲಾಯಿಸದೆ ಹಾಗೇ ಓಡಿಸುತ್ತಾರೆ. ಕೂದಲು ಕತ್ತರಿಸುವ ಮೆಷಿನ್, ಅಂದರೆ ಕ್ಲಿಪ್ಪರ್, ಓಡುತ್ತಿದ್ದಂತೆ ಬ್ಲೇಡ್ ಬಿಸಿಯಾಗುತ್ತಲೇ ಇರುತ್ತದೆ. ಆಗಾಗ ನಿಲ್ಲಿಸಿ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಬೇಕು. ನಿಮಗೆ ಚುರುಕ್ ಅಂದರೆ ನಾಯಿಯ ಹೊಟ್ಟೆಗೂ ಚುರುಕ್ ಅನ್ನುತ್ತದೆ. ಅವಸರದ ಬೆಲೆಯನ್ನು ಕೊಡುವುದು ಯಾವಾಗಲೂ ನಾಯಿಯೇ.

ಪ್ರಶ್ನೆ: ಮೈಯೆಲ್ಲ ಗಂಟುಗಟ್ಟಿದ ಶಿಹ್ ತ್ಸು ನಾಯಿಯನ್ನು ತರುತ್ತಾರೆ. "ಸುಮ್ನೆ ಸ್ನಾನ ಮಾಡಿಸಿ, ಕೂದಲು ಚಿಕ್ಕದು ಮಾಡಬೇಡಿ" ಅನ್ನುತ್ತಾರೆ. ಬೋಳಿಸಿದರೆ ಜಗಳ. ಏನು ಮಾಡಲಿ?

ನಾಯಿಯನ್ನು ವ್ಯಾನ್ ಒಳಗೆ ಹತ್ತಿಸುವ ಮುಂಚೆ, ಯಜಮಾನರ ಎದುರಿಗೇ, ಕಬ್ಬಿಣದ ಬಾಚಣಿಗೆಯನ್ನು ಕೂದಲೊಳಗೆ ಇಳಿಸಿ. ಅದು ಚರ್ಮದವರೆಗೆ ಹೋಗಬೇಕು. ಅರ್ಧದಲ್ಲೇ ನಿಂತರೆ ಅವರ ಕೈಗೇ ಬಾಚಣಿಗೆ ಕೊಡಿ. ಮೇಲೆ ರೇಷ್ಮೆಯಂತಿರುವ ಕೂದಲ ಕೆಳಗೆ ಗಟ್ಟಿ ಕಂಬಳಿಯಿರುವುದು ಅವರ ಕೈಗೆ ಆಗ ತಿಳಿಯುತ್ತದೆ. ದಿನಾ ಬ್ರಷ್ ಮಾಡುತ್ತಿದ್ದೇನೆ ಅನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ, ಅವರ ಬ್ರಷ್ ಮೇಲುಗಡೆಯೇ ಓಡಿರುತ್ತದೆ ಅಷ್ಟೆ.

ಗಂಟಿನ ಮೇಲೆ ನೀರು ಹಾಕಿದರೆ ಒಣಗುವಾಗ ಅದು ಇನ್ನೂ ಬಿಗಿಯಾಗುತ್ತದೆ. ಒಳಗೆ ತೇವ ಉಳಿದು ಚರ್ಮ ಹುಣ್ಣಾಗುತ್ತದೆ. ಬಿಡಿಸಬಹುದಾದ ಸಿಕ್ಕನ್ನು ಸ್ನಾನಕ್ಕೆ ಮುಂಚೆಯೇ ಬಿಡಿಸಿ. ಚರ್ಮಕ್ಕೆ ಅಂಟಿಕೊಂಡಿದ್ದರೆ 10ನೇ ನಂಬರ್ ಬ್ಲೇಡೇ ದಾರಿ, ಅದು ಸುಮಾರು 1.5 ಮಿಲಿಮೀಟರ್ ಕೂದಲು ಉಳಿಸುತ್ತದೆ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ಚರ್ಮ ತೆಳು, ಗಂಟಿನ ಜೊತೆ ಅದೂ ಎದ್ದು ಬರುತ್ತದೆ. ಅಲ್ಲಿ ಕತ್ತರಿ ಬೇಡವೇ ಬೇಡ.

ಕಿವಿಯ ಬಗ್ಗೆ ಯಜಮಾನರಿಗೆ ಮೊದಲೇ ಹೇಳಿಡಿ. ಭಾರದ ಗಂಟು ಹೋದ ಕೂಡಲೇ ಕಿವಿಗೆ ರಕ್ತ ನುಗ್ಗುತ್ತದೆ, ತುರಿಕೆ ಶುರುವಾಗುತ್ತದೆ, ನಾಯಿ ತಲೆ ಕೊಡವುತ್ತಲೇ ಇರುತ್ತದೆ. ಹಾಗೆ ಕೊಡವಿ ಕೊಡವಿ ಒಳಗಿನ ಸಣ್ಣ ರಕ್ತನಾಳ ಒಡೆದು ಕಿವಿ ಊದಿಕೊಳ್ಳಬಹುದು. ಕಿವಿಗಳನ್ನು ತಲೆಗೆ ಸೇರಿಸಿ ಮೆತ್ತನೆ ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಕೆಲವು ಗಂಟೆ ನೋಡಿಕೊಳ್ಳಲು ಹೇಳಿ. ಊದಿದರೆ ಪಶುವೈದ್ಯರ ಹತ್ತಿರ ಹೋಗಲೇಬೇಕು. ಇದನ್ನೆಲ್ಲ ಬರೆದ ಹಾಳೆಗೆ ಸಹಿ ಹಾಕಿಸಿಕೊಂಡೇ ಕ್ಲಿಪ್ಪರ್ ಆನ್ ಮಾಡಿ. ಒಪ್ಪದವರನ್ನು ನಗುಮುಖದಿಂದ ವಾಪಸ್ ಕಳಿಸಿ.

ಪ್ರಶ್ನೆ: ಸೆಖೆ ಅಂತ ನಮ್ಮ ಹಸ್ಕಿಗೆ ಪೂರ್ತಿ ಬೋಳಿಸಬಹುದಾ?

ಬೇಡ. ಅದಕ್ಕೆ ಎರಡು ಪದರದ ಕೂದಲು. ಮೇಲಿನ ಪದರ ಬಿಸಿಲನ್ನು ತಡೆಯುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮೊದಲಿನ ಹಾಗೆ ಬಾರದೆಯೂ ಇರಬಹುದು. ಪೊಮೆರೇನಿಯನ್, ಜರ್ಮನ್ ಶೆಫರ್ಡ್‌ಗೂ ಇದೇ ಮಾತು. ಉದುರಲು ಸಿದ್ಧವಾದ ಒಳಗೂದಲನ್ನು ಬಾಚಿ, ಗಾಳಿ ಹೊಡೆದು ತೆಗೆಸಿ. ಅಷ್ಟಕ್ಕೇ ಅದಕ್ಕೆ ಹಾಯೆನಿಸುತ್ತದೆ.

ಪ್ರಶ್ನೆ: ನಮ್ಮದು ಪಗ್. ವ್ಯಾನ್ ಬಾಗಿಲು ಹಾಕಿಕೊಂಡರೆ ಒಳಗೆ ಏನಾಗುತ್ತದೋ ಅಂತ ಭಯ. ಏನು ಕೇಳಿ ತಿಳಿದುಕೊಳ್ಳಬೇಕು?

ನಿಮ್ಮ ಭಯಕ್ಕೆ ಅರ್ಥವಿದೆ. ನಾಯಿ ಮೈಯ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ಏದುಸಿರಿನಿಂದ. ಚಪ್ಪಟೆ ಮೂತಿಯ ಪಗ್, ಬುಲ್‌ಡಾಗ್‌ಗೆ ಆ ದಾರಿಯೇ ಇಕ್ಕಟ್ಟು. ನಾಯಿಯ ಸಹಜ ಉಷ್ಣಾಂಶ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಪ್ರಾಣಕ್ಕೇ ಅಪಾಯ. ಪಗ್‌ಗೆ ನಾನು ಬೆಳಗಿನ ಹೊತ್ತು ಮಾತ್ರ ಕೊಡುತ್ತೇನೆ. ಮೊದಲು ಟವೆಲ್, ಆಮೇಲೆ ತಣ್ಣನೆ ಗಾಳಿ.

ಮೂರು ವಿಷಯ ಕೇಳಿ. ಕೆಲಸದ ಹೊತ್ತಿನಲ್ಲಿ ಎಸಿ ಓಡುತ್ತದಾ? ಪಂಜರದಲ್ಲಿ ಕೂರಿಸಿ ಬಿಸಿ ಗಾಳಿ ಬಿಡುತ್ತೀರಾ? ಮೇಜಿನ ಮೇಲೆ ಕುಣಿಕೆ ಹಾಕಿ ನಿಲ್ಲಿಸಿ ಆಚೆ ಹೋಗುತ್ತೀರಾ? ಕೊನೆಯ ಎರಡಕ್ಕೆ "ಇಲ್ಲ" ಅಂತ ತಡವರಿಸದೆ ಬರಬೇಕು. ಕುಣಿಕೆಯಲ್ಲಿದ್ದ ನಾಯಿ ಮೇಜಿನಿಂದ ಹಾರಿದರೆ ಕ್ಷಣದಲ್ಲಿ ಉಸಿರು ಕಟ್ಟುತ್ತದೆ. ನೀವು ಹೊರಗಿನಿಂದ ನೋಡುತ್ತೇನೆಂದರೆ ಬೇಡ ಅನ್ನುವವರನ್ನು ನಾನಾದರೆ ಕರೆಸುವುದಿಲ್ಲ.

ಪ್ರಶ್ನೆ: ಉಗುರು ಕತ್ತರಿಸುವಾಗ ನಾಯಿ ಕಚ್ಚಿತು. "ಕಚ್ಚಲ್ಲ" ಅಂತ ಹೇಳಿದ್ದರು. ಲಸಿಕೆ ಆಗಿದೆಯಂತೆ. ಸುಮ್ಮನಿರಬಹುದಾ?

ಸುಮ್ಮನಿರಬೇಡಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಡಾಕ್ಟರ್ ಹತ್ತಿರ ಹೋಗಬೇಕು. ಇನ್ನೂ ಹೋಗಿಲ್ಲದಿದ್ದರೆ ಈಗಲೇ ಹೊರಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಈ ಕೆಲಸದಲ್ಲಿರುವವರು ಮುಂಚಿತವಾಗಿ ಹಾಕಿಸಿಕೊಳ್ಳುವ ಲಸಿಕೆಯ ಬಗ್ಗೆಯೂ ಡಾಕ್ಟರನ್ನೇ ಕೇಳಿ. ನಾಯಿಯ ಲಸಿಕೆ ಕಾರ್ಡನ್ನು ಬುಕಿಂಗ್ ಸಮಯದಲ್ಲೇ ನೋಡುವ ಪದ್ಧತಿ ಇಟ್ಟುಕೊಳ್ಳಿ.

"ಕಚ್ಚುತ್ತದಾ?" ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಅವರಿಗೆ ಅದು ಮಗು ಅಲ್ವಾ. "ಪಾದ ಹಿಡಿದರೆ ಏನು ಮಾಡುತ್ತದೆ?" ಅಂತ ಕೇಳಿ ನೋಡಿ. "ಅಯ್ಯೋ, ಪಾದ ಮುಟ್ಟೋಕೆ ಬಿಡಲ್ಲ" ಅನ್ನುವ ಉತ್ತರ ತಾನೇ ಬರುತ್ತದೆ. ಅಂಥ ನಾಯಿಗೆ ಒಂದು ದಿನ ಎರಡೇ ಉಗುರು ಮಾಡಿ ಕಳಿಸಿದರೂ ತಪ್ಪಿಲ್ಲ.

ಪ್ರಶ್ನೆ: ದರ ಹೇಗೆ ಇಡುವುದು? ಫೋನಿನಲ್ಲೇ ಎಲ್ಲರೂ ಕೇಳುತ್ತಾರೆ.

ತಳಿ ನೋಡಿ ಹೇಳಬೇಡಿ, ಸಮಯ ನೋಡಿ ಹೇಳಿ. ನಿಮ್ಮ ಒಂದು ಗಂಟೆಗೆ ಎಷ್ಟು ಬರಬೇಕು ಅನ್ನುವುದನ್ನು ಇಂಧನ, ನೀರು, ಬ್ಲೇಡ್ ಸಾಣೆ, ವಿಮೆ, ಕಂತು ಎಲ್ಲ ಸೇರಿಸಿ ಮೊದಲು ಗೊತ್ತು ಮಾಡಿಕೊಳ್ಳಿ. ಫೋನಿನಲ್ಲಿ ಕನಿಷ್ಠ ದರ ಮಾತ್ರ ಹೇಳಿ. ಗಂಟು ಇದ್ದರೆ ಎಷ್ಟು ಜಾಸ್ತಿ ಅನ್ನುವುದು ಬಾಗಿಲಲ್ಲಿ ಬಾಚಣಿಗೆ ಇಳಿಸಿದ ಮೇಲೆ. ಫೋಟೋದಲ್ಲಿ ಗಂಟು ಕಾಣುವುದಿಲ್ಲ. ಒಂದು ದಿನ ಒಂದೇ ದಿಕ್ಕಿನ ಮನೆಗಳನ್ನು ಇಟ್ಟುಕೊಂಡರೆ ದಾರಿಯಲ್ಲಿ ಹೋಗುವ ಗಂಟೆಗಳು ಉಳಿಯುತ್ತವೆ. ಹೊರಡುವ ಮುಂಚೆ ಮುಂದಿನ ದಿನಾಂಕ ಬರೆಸಿಕೊಳ್ಳಿ. ಉದ್ದ ಕೂದಲಿನ ನಾಯಿಗೆ ನಾಲ್ಕರಿಂದ ಆರು ವಾರ ಸರಿ. ತಪ್ಪದೆ ಕರೆಸುವವರಿಗೆ ಸ್ವಲ್ಪ ಕಡಿಮೆ ಮಾಡಿ, ನಷ್ಟವಿಲ್ಲ. ಆ ನಾಯಿ ಗಂಟಿಲ್ಲದೆ ಬರುತ್ತದೆ, ಮೇಜಿನ ಮೇಲೆ ತಾನೇ ನಿಲ್ಲುತ್ತದೆ, ಕೆಲಸ ಬೇಗ ಮುಗಿಯುತ್ತದೆ.