ಉಪ್ಪಾಗೆಯೂ ಬೇಕು, ಸಿಂಗಳೀಕನೂ ಬೇಕು

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಕಾಡಂಚಿನ ಊರು. ಮಳೆಗಾಲದಲ್ಲಿ ಉಪ್ಪಾಗೆ ಅನ್ನುವ ಹುಳಿ ಕಾಡುಹಣ್ಣಿನ ಸಿಪ್ಪೆ ಒಣಗಿಸಿ ಮಾರಿದರೆ ಕೈಗೆ ನಾಲ್ಕು ಕಾಸು. ಇದರಿಂದ ಸಿಂಗಳೀಕ ಕೋತಿಗಳಿಗೆ ತೊಂದರೆ ಅಂತಾರೆ. ಕೊಯ್ಯುವುದನ್ನೇ ಬಿಡಬೇಕಾ?
— ಓದುಗರೊಬ್ಬರು

ಉತ್ತರ: ಬಿಡಬೇಕಿಲ್ಲ. ಕೊಯ್ಯುವ ರೀತಿ ಬದಲಾಗಬೇಕು, ಅಷ್ಟೇ.

ಶರಾವತಿ ಕಣಿವೆಯ ಸಿಂಗಳೀಕ ಮರದ ಮೇಲೇ ಬದುಕುವ ಪ್ರಾಣಿ, ನೆಲಕ್ಕಿಳಿಯುವುದು ಕಡಿಮೆ. ಅದಕ್ಕೂ ತಿನ್ನಲು ಉಪ್ಪಾಗೆ ಬೇಕು. ಬೇರೆಯವರು ಕೊಯ್ದುಬಿಡುತ್ತಾರೆ ಅನ್ನುವ ಆತುರಕ್ಕೆ ನಾವು ಕಾಯನ್ನೇ ಕೀಳುತ್ತೇವೆ, ಕೊಂಬೆ ಕಡಿಯುತ್ತೇವೆ, ಆಮೇಲೆ ಮುಂದಿನ ವರ್ಷ ಆ ಮರದಲ್ಲಿ ನಮಗೂ ಇಲ್ಲ, ಅದಕ್ಕೂ ಇಲ್ಲ. ಹಣ್ಣಾಗಲು ಬಿಡಿ. ಉದುರಿದ್ದನ್ನು ಆರಿಸಿ, ಸಿಪ್ಪೆ ತೆಗೆದುಕೊಳ್ಳಿ. ಬೀಜದಲ್ಲಿ ಉಪ್ಪಾಗೆ ತುಪ್ಪ (ಬೀಜದಿಂದ ತೆಗೆಯುವ ಜಿಡ್ಡು) ಮಾಡಲು ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಕಾಡಿಗೇ ಹಾಕಿ.

ಇನ್ನೊಂದು ಮಾತು, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಕೊಯ್ಲಿಗಿಂತ ಸಿಪ್ಪೆ ಒಣಗಿಸುವುದೇ ಕೆಲವು ಸಲ ಕಾಡಿಗೆ ಭಾರ. ಜಡಿಮಳೆಯಲ್ಲಿ ಬಿಸಿಲೆಲ್ಲಿ? ಹಗಲುರಾತ್ರಿ ಒಲೆ ಉರಿಯಬೇಕು, ಸೌದೆ ರಾಶಿರಾಶಿ ಬೇಕು. ನಾಲ್ಕೈದು ಮನೆಯವರು ಸೇರಿ ಕಡಿಮೆ ಸೌದೆ ತಿನ್ನುವ ಒಂದು ಒಣಗಿಸುವ ಗೂಡು ಕಟ್ಟಿಕೊಂಡರೆ ಖರ್ಚೂ ಕಮ್ಮಿ, ಹೊಗೆ ವಾಸನೆಯೂ ಕಮ್ಮಿ.

ಆದರೆ ಹಣ್ಣಾಗಲಿ ಅಂತ ಒಬ್ಬರೇ ಕಾದರೆ ಪ್ರಯೋಜನವಿಲ್ಲ, ಅಲ್ವಾ? ಇಂಥ ದಿನದವರೆಗೆ ಯಾರೂ ಮುಟ್ಟಬಾರದು ಅಂತ ಊರೇ ಕೂತು ತೀರ್ಮಾನಿಸಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಉಪ್ಪಾಗೆಯಂಥ ಕಿರು ಅರಣ್ಯ ಉತ್ಪನ್ನದ ಹಕ್ಕಿದೆ, ಸಮುದಾಯದ ಕಾಡನ್ನು ಕಾಯುವ ಹಕ್ಕೂ ಇದೆ. ಆ ಹಕ್ಕಿನ ಅರ್ಜಿ ಗ್ರಾಮಸಭೆಯಿಂದಲೇ ಶುರುವಾಗಬೇಕು. ಈ ಮಳೆಗಾಲಕ್ಕೆ ಮುಂಚೆಯೇ ಸಭೆ ಕರೆಯಿರಿ. ಹೆಂಗಸರನ್ನೂ ಕೂರಿಸಿಕೊಳ್ಳಿ, ಉಪ್ಪಾಗೆ ಒಲೆಯ ಹೊಗೆ ಕುಡಿಯುವವರು ಅವರೇ.