ಓದುಗರ ಪ್ರಶ್ನೆ: ಜಯನಗರದ ಕಾಲೇಜಿಗೆ ಸ್ಕೂಟರ್ ಬೇಕೇ?

ಪ್ರಶ್ನೆ: ನಾನು ತಿಪಟೂರಿನವಳು. ಬೆಂಗಳೂರಿನ ಜಯನಗರದ ಕಾಲೇಜೊಂದರಲ್ಲಿ ಬಿ.ಎಸ್ಸಿ.ಗೆ ಸೀಟು ಸಿಕ್ಕಿದೆ. ಚಿಕ್ಕಪ್ಪನ ಮನೆ ನಾಗಸಂದ್ರದ ಕಡೆ ಇದೆ. ಅಲ್ಲಿಂದ ಕಾಲೇಜು ತೀರಾ ದೂರವಾಗುತ್ತದೆ ಎಂದು ಗೆಳತಿಯರು ಬನ್ನೇರುಘಟ್ಟ ರಸ್ತೆಯ ಅರಕೆರೆಯಲ್ಲಿ ತಾವು ಹಿಡಿದಿರುವ ಪಿ.ಜಿ.ಗೆ ಕರೆಯುತ್ತಿದ್ದಾರೆ. ಎಲ್ಲಿದ್ದರೂ ಓಡಾಟ ಕಷ್ಟವೆಂದು ಅಪ್ಪ ಸಾಲ ಮಾಡಿಯಾದರೂ ಸ್ಕೂಟರ್ ಕೊಡಿಸುವ ಯೋಚನೆಯಲ್ಲಿದ್ದಾರೆ. ಸ್ವಂತ ವಾಹನವಿಲ್ಲದೆ ಈ ನಗರದಲ್ಲಿ ಓದು ಮುಗಿಸಲು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಆದರೆ ಅದು ನೀವು ಎಲ್ಲಿ ಉಳಿದುಕೊಳ್ಳುತ್ತೀರಿ ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಸ್ಕೂಟರಿನ ಮಾತನ್ನು ಬದಿಗಿಟ್ಟು ಮೊದಲು ಮನೆಯ ವಿಷಯವನ್ನು ತೀರ್ಮಾನಿಸಿಕೊಳ್ಳಿ. ಬೆಂಗಳೂರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಕ್ಕಿಂತ, ದಾರಿಯಲ್ಲಿ ಎಷ್ಟು ಸಲ ಇಳಿದು ಹತ್ತಬೇಕು ಎಂಬುದನ್ನು ಎಣಿಸುವುದು ಒಳ್ಳೆಯದು. ನಿಮ್ಮ ಗೆಳತಿಯರು ನಕ್ಷೆಯನ್ನು ನೋಡಿ ಹೇಳಿದ್ದಾರೆ. ಅರಕೆರೆ ಹತ್ತಿರ, ನಾಗಸಂದ್ರ ದೂರ ಎಂಬುದು ನಿಜವೇ. ಆದರೆ ನಾಗಸಂದ್ರ ಮತ್ತು ಜಯನಗರ ಎರಡೂ ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿಯೇ ಇವೆ. ಯಶವಂತಪುರ, ಮೆಜೆಸ್ಟಿಕ್, ಲಾಲ್‌ಬಾಗ್ ದಾಟಿ, ನಡುವೆ ಎಲ್ಲಿಯೂ ಇಳಿಯದೆ, ಒಂದೇ ರೈಲಿನಲ್ಲಿ ಜಯನಗರ ತಲುಪಬಹುದು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ವಾಹನಗಳು ಎಷ್ಟೇ ಹೊತ್ತು ನಿಂತಿದ್ದರೂ ಮೇಲೆ ಹೋಗುವ ರೈಲಿಗೆ ಅದರ ಬಾಧೆಯಿಲ್ಲ.

ಅರಕೆರೆಯಿಂದ ಹೊರಟರೆ ಬನ್ನೇರುಘಟ್ಟ ರಸ್ತೆಯಲ್ಲಿ ಮೆಜೆಸ್ಟಿಕ್ ಕಡೆಗೆ ಹೋಗುವ 365ರಂತಹ ಬಸ್ಸುಗಳು ಸಿಗುತ್ತವೆ. ಅವುಗಳಲ್ಲಿ ಬಂದವರು ಜಯದೇವ ಆಸ್ಪತ್ರೆಯ ಬಳಿ ಇಳಿದು ಜಯನಗರದ ಕಡೆಯ ಇನ್ನೊಂದು ಬಸ್ಸು ಹಿಡಿಯಬೇಕು. ಇಲ್ಲವೇ ಅಲ್ಲಿಯೇ ಹಳದಿ ಮಾರ್ಗದ ಮೆಟ್ರೊ ಹತ್ತಿ, ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಮುಂದಿನ ನಿಲ್ದಾಣದಲ್ಲಿ ಇಳಿಯಬೇಕು. ಬೆಳಿಗ್ಗೆ ಪ್ರಯೋಗಾಲಯದ ತರಗತಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕಾದವರಿಗೆ ಪ್ರತಿಯೊಂದು ಬದಲಾವಣೆಯೂ ಒಂದು ಅನಿಶ್ಚಿತತೆ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗ ಪೂರ್ತಿ ಬಳಕೆಗೆ ಬಂದಾಗ ಬನ್ನೇರುಘಟ್ಟ ರಸ್ತೆಯ ಲೆಕ್ಕ ಬದಲಾಗುತ್ತದೆ, ನಿಜ. ಆಗಲೂ ಜಯದೇವದಲ್ಲಿ ಇಳಿದು ಹತ್ತುವುದು ತಪ್ಪುವುದಿಲ್ಲ. ಆದ್ದರಿಂದ ನನ್ನ ಮತ ಚಿಕ್ಕಪ್ಪನ ಮನೆಗೆ. ಅದಕ್ಕೊಂದು ಷರತ್ತಿದೆ: ಆ ಮನೆಯಿಂದ ನಿಲ್ದಾಣಕ್ಕೆ ಒಮ್ಮೆ ನೀವೇ ನಡೆದು ನೋಡಿ. ಸ್ವಂತ ಸ್ಕೂಟರ್ ಇರುವ ಚಿಕ್ಕಪ್ಪಂದಿರಿಗೆ ಮೂರು ಕಿಲೋಮೀಟರ್ ಕೂಡ ‘ಇಲ್ಲೇ ಪಕ್ಕ’ವೇ ಆಗಿರುತ್ತದೆ. ನಡೆಯುವಷ್ಟು ಹತ್ತಿರವಿಲ್ಲದಿದ್ದರೆ ನಿಲ್ದಾಣಕ್ಕೆ ಬರುವ ಫೀಡರ್ ಬಸ್ಸು ಆ ಬಡಾವಣೆಯನ್ನು ಮುಟ್ಟುತ್ತದೆಯೇ, ಸಂಜೆ ಎಷ್ಟು ಹೊತ್ತಿನವರೆಗೆ ಇರುತ್ತದೆ ಎಂದು ವಿಚಾರಿಸಿ.

ಇನ್ನು ಖರ್ಚು. ಮೆಟ್ರೊ ಅಗ್ಗವಲ್ಲ. 2025ರ ಫೆಬ್ರುವರಿಯಲ್ಲಿ ಪರಿಷ್ಕೃತವಾದ ದರದಂತೆ ಕನಿಷ್ಠ 10 ರೂಪಾಯಿ, ಗರಿಷ್ಠ 90 ರೂಪಾಯಿ. ನಿಮ್ಮದು ಹೆಚ್ಚುಕಡಿಮೆ ಊರಿನ ಒಂದು ತುದಿಯಿಂದ ಹೊರಡುವ ಪ್ರಯಾಣವಾದ್ದರಿಂದ ದರವೂ ಮೇಲಿನ ಹಂತದಲ್ಲಿಯೇ ಇರುತ್ತದೆ. ದಿನವೂ ಮೆಟ್ರೊದಲ್ಲಿಯೇ ಹೋಗಿಬಂದರೆ ತಿಂಗಳಿಗೆ ಮೂರು ಸಾವಿರ ದಾಟುವ ಸಂಭವವಿದೆ. ಸ್ಮಾರ್ಟ್ ಕಾರ್ಡ್ ಇದ್ದರೆ ಶೇ 5ರಷ್ಟು ರಿಯಾಯಿತಿ ಸಿಗುತ್ತದೆ. ಬೆಳಿಗ್ಗೆ 8ಕ್ಕಿಂತ ಮೊದಲು, ಮಧ್ಯಾಹ್ನ 12ರಿಂದ 4ರ ನಡುವೆ ಅಥವಾ ರಾತ್ರಿ 9ರ ನಂತರ ನಿಲ್ದಾಣವನ್ನು ಪ್ರವೇಶಿಸಿದರೆ ಇನ್ನೂ ಶೇ 5ರಷ್ಟು ಸಿಗುತ್ತದೆ. ಮಧ್ಯಾಹ್ನವೇ ತರಗತಿ ಮುಗಿಯುವ ದಿನ ಕ್ಯಾಂಟೀನಿನಲ್ಲಿ ಸಂಜೆಯಾಗುವವರೆಗೆ ಕೂರದೆ 4ರೊಳಗೆ ಹೊರಟರೆ ಹಣವೂ ಉಳಿಯುತ್ತದೆ, ನಿಲ್ಲಲು ಜಾಗವೂ ಸಿಗುತ್ತದೆ.

ಆದರೆ ನಿಮಗೆ ಇನ್ನೊಂದು ಅನುಕೂಲವಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆಧಾರ್‌ನಲ್ಲಿ ತಿಪಟೂರಿನ ವಿಳಾಸವಿದ್ದರೆ ಸಾಕು, ಅದು ಬೆಂಗಳೂರಿನದೇ ಆಗಿರಬೇಕಾಗಿಲ್ಲ. ಮೂಲ ಗುರುತಿನ ಚೀಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ನಿರ್ವಾಹಕರಿಂದ ಶೂನ್ಯ ದರದ ಟಿಕೆಟನ್ನು ತಪ್ಪದೆ ಪಡೆಯಿರಿ. ವಜ್ರ, ವಾಯು ವಜ್ರದಂತಹ ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಹೀಗಾಗಿ ಬೆಳಿಗ್ಗೆ ಮೆಟ್ರೊ, ಸಂಜೆ ಬಸ್ಸು ಎಂಬ ಪದ್ಧತಿ ನಿಮಗೆ ಹೊಂದುತ್ತದೆ ಎಂದು ನನಗನ್ನಿಸುತ್ತದೆ. ಬೆಳಿಗ್ಗೆ ಉಳಿಯುವ ಸಮಯಕ್ಕೆ ಹಣ ತೆರುವುದರಲ್ಲಿ ಅರ್ಥವಿದೆ. ಸಂಜೆ ಅವಸರವಿಲ್ಲದ ದಿನ ಮೆಜೆಸ್ಟಿಕ್‌ಗೆ ಬಂದು, ಅಲ್ಲಿ ತುಮಕೂರು ರಸ್ತೆಯಲ್ಲಿ ನೆಲಮಂಗಲದ ಕಡೆಗೆ ಹೋಗುವ 258 ಸರಣಿಯ ಬಸ್ಸಿನಲ್ಲಿ ಕುಳಿತರೆ ತಡವಾದರೂ ಖರ್ಚಿಲ್ಲದೆ ಮನೆ ಸೇರಬಹುದು. ಹತ್ತುವ ಮುನ್ನ ಸಂಖ್ಯೆಯ ಮುಂದಿನ ಅಕ್ಷರವನ್ನೂ ಫಲಕವನ್ನೂ ಓದಿಕೊಳ್ಳಿ. ಒಂದೇ ಸಂಖ್ಯೆಯ ಬಸ್ಸುಗಳು ಅಕ್ಷರ ಬದಲಾದರೆ ಬೇರೆ ಊರಿಗೇ ಹೋಗಿಬಿಡಬಹುದು.

ಆಟೊ ರಿಕ್ಷಾವನ್ನು ನಿತ್ಯದ ವಾಹನವೆಂದು ಎಣಿಸಬೇಡಿ. 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ ಎಂಬುದು ನಿಗದಿತ ದರ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಮೀಟರಿನಂತೆ ಬರಲು ಒಪ್ಪುವವರು ಎಲ್ಲ ಕಡೆಯೂ ಸಿಗುವುದಿಲ್ಲವೆಂಬುದನ್ನು ನಿಮ್ಮ ಚಿಕ್ಕಪ್ಪನೇ ಹೇಳಿಯಾರು. ಕಾಲೇಜಿನ ಕಾರ್ಯಕ್ರಮ ಮುಗಿದು ರಾತ್ರಿಯಾದಾಗ ನಿಲ್ದಾಣದಿಂದ ಮನೆಯವರೆಗಿನ ಕೊನೆಯ ತುಂಡು ದಾರಿಗೆ ಮಾತ್ರ ಆಟೊ ಇರಲಿ, ಅದಕ್ಕೆಂದು ತಿಂಗಳ ಖರ್ಚಿನಲ್ಲಿ ಸ್ವಲ್ಪ ಹಣವನ್ನು ಬೇರೆಯಾಗಿಯೇ ತೆಗೆದಿಡಿ. ಅಂತಹ ದಿನ ನಡೆದು ಹಣ ಉಳಿಸುವ ಲೆಕ್ಕ ಬೇಡ.

ನಿಮ್ಮ ತಂದೆಯವರಿಗೆ ನಾನು ಹೇಳುವುದಿಷ್ಟೆ: ಮೊದಲ ಎರಡು ಸೆಮಿಸ್ಟರ್ ಮುಗಿಯುವವರೆಗೆ ಸಾಲ ಮಾಡಬೇಡಿ. ಸ್ಕೂಟರಿನ ಬೆಲೆಯ ಜೊತೆಗೆ ಕಂತಿನ ಬಡ್ಡಿ, ವಿಮೆ, ಪೆಟ್ರೋಲು, ಪಾರ್ಕಿಂಗು ಎಲ್ಲವೂ ಸೇರುತ್ತವೆ. ತುಮಕೂರು ರಸ್ತೆಯ ಲಾರಿಗಳ ನಡುವೆ ಪ್ರತಿದಿನ ಅಷ್ಟು ದೂರ ಓಡಿಸುವುದು ಈಗಷ್ಟೇ ಲೈಸೆನ್ಸ್ ಪಡೆದವರಿಗೆ ತಕ್ಕ ಕೆಲಸವಲ್ಲ.

ಪ್ರಶ್ನೆ: ನಾನು ಮಂಜೇಶ್ವರದವಳು, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಎಂ.ಎ.ಗೆ ಸೇರಿದ್ದೇನೆ. ಆಧಾರ್‌ನಲ್ಲಿರುವುದು ಕೇರಳದ ವಿಳಾಸ. ಕನ್ನಡ ಮಾಧ್ಯಮದಲ್ಲಿಯೇ ಓದಿದವಳಾದ ನನಗೂ ಉಚಿತ ಬಸ್ ಪ್ರಯಾಣ ಸಿಗುವುದೇ?

ಉತ್ತರ: ಸಿಗುವುದಿಲ್ಲ. ಶಕ್ತಿ ಯೋಜನೆ ನೋಡುವುದು ಕರ್ನಾಟಕದ ನಿವಾಸವನ್ನು, ಭಾಷೆಯನ್ನಲ್ಲ. ಗಡಿನಾಡಿನ ಕನ್ನಡಿಗರಿಗೆ ಇದು ಬೇಸರದ ಸಂಗತಿ ಎಂದು ನನಗೆ ಗೊತ್ತು. ಬಸ್ಸಿಗಾಗಿಯೇ ಆಧಾರ್ ವಿಳಾಸವನ್ನು ಬದಲಿಸುವ ಮುನ್ನ, ನಿಮ್ಮ ಊರಿನ ದಾಖಲೆಗಳಿಗೆ ಅಂಟಿಕೊಂಡಿರುವ ವಿದ್ಯಾರ್ಥಿವೇತನ ಮುಂತಾದ ಸೌಲಭ್ಯಗಳಿಗೆ ಏನಾಗುತ್ತದೆ ಎಂದು ಯೋಚಿಸಿ. ನಿಮಗೆ ವೆಚ್ಚವೂ ಅಷ್ಟಾಗಿ ಬೀಳದು. ನೇರಳೆ ಮಾರ್ಗದಲ್ಲಿ ಜ್ಞಾನಭಾರತಿ ಎಂಬ ನಿಲ್ದಾಣವೇ ಇದೆ. ಕೆಂಗೇರಿಯ ಕಡೆ ಕೊಠಡಿ ಹಿಡಿದರೆ ಮೆಟ್ರೊ ದರ ಕೆಳಗಿನ ಹಂತದಲ್ಲಿಯೇ ಮುಗಿಯುತ್ತದೆ. ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ಸುಗಳ ಮಾಸಿಕ ಪಾಸಿಗೆ 2025ರ ಜನವರಿಯ ಏರಿಕೆಯ ಬಳಿಕ 1,200 ರೂಪಾಯಿ, ದಿನದ ಪಾಸಿಗೆ 80 ರೂಪಾಯಿ. ಪ್ರತಿದಿನ ನಗರದೊಳಗೆ ಹೋಗುವುದಿಲ್ಲವಾದರೆ ಮಾಸಿಕ ಪಾಸು ನಷ್ಟವೇ. ಗ್ರಂಥಾಲಯಕ್ಕೋ ಪುಸ್ತಕದ ಅಂಗಡಿಗಳಿಗೋ ಸುತ್ತುವ ದಿನ ಮಾತ್ರ ದಿನದ ಪಾಸು ಕೊಳ್ಳಿ. ಜ್ಞಾನಭಾರತಿಯ ಆವರಣ ಬಹಳ ವಿಶಾಲವಾದುದರಿಂದ ಕೊಠಡಿ ಗೊತ್ತುಮಾಡುವ ಮೊದಲು ನಿಮ್ಮ ವಿಭಾಗ ಯಾವ ಗೇಟಿಗೆ ಸಮೀಪ ಎಂದು ಕೇಳಿ ತಿಳಿದುಕೊಳ್ಳಿ.