ಟಿಜೆ ಸೀಟಿಗೆ ಕೋಚಿಂಗ್ ಬೇಕಾ?

ಪ್ರಶ್ನೆ: ನಾವು ಮೈಸೂರಿನವರು. ಎರಡು ವರ್ಷದಿಂದ ಅಮೆರಿಕದ ವರ್ಜೀನಿಯಾದ ಆಶ್‌ಬರ್ನ್‌ನಲ್ಲಿದ್ದೇವೆ. ಮಗಳು 7ನೇ ಗ್ರೇಡ್. ಇಲ್ಲಿ ನಮ್ಮವರು ನಾಲ್ಕು ಜನ ಸೇರಿದರೆ ಟಿಜೆ ಅನ್ನುವ ಹೈಸ್ಕೂಲಿನ ಮಾತೇ. ಈಗಲೇ ಕೋಚಿಂಗ್‌ಗೆ ಹಾಕಿ ಅನ್ನುತ್ತಾರೆ. ಸರ್ಕಾರಿ ಶಾಲೆ ಅಂತೆ, ಮ್ಯಾಗ್ನೆಟ್ ಅಂತೆ. ಫೀಸು ಎಷ್ಟು? ನಮ್ಮದು ಎಚ್‌1ಬಿ ವೀಸಾ, ತೊಂದರೆ ಆಗುತ್ತದಾ?

ಉತ್ತರ: ಕೋಚಿಂಗ್‌ಗೆ ಇನ್ನೂ ದುಡ್ಡು ಕಟ್ಟಿಲ್ಲ ತಾನೆ? ಕಟ್ಟಬೇಡಿ. ಸ್ನೇಹಿತರು ಹೇಳುತ್ತಿರುವುದು ಹಳೇ ಕಥೆ.

ಟಿಜೆ ಅಂದರೆ ಥಾಮಸ್ ಜೆಫರ್ಸನ್ ಹೈಸ್ಕೂಲ್ ಫಾರ್ ಸೈನ್ಸ್ ಆ್ಯಂಡ್ ಟೆಕ್ನಾಲಜಿ. 1985ರಲ್ಲಿ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಶುರುವಾಯಿತು. ನಮ್ಮ ನವೋದಯ ಶಾಲೆ ನೆನಪಿದೆಯಲ್ವಾ? ಸರ್ಕಾರಿ ಶಾಲೆಯೇ, ಆದರೆ ಎಲ್ಲರಿಗೂ ಸೀಟು ಸಿಗಲ್ಲ. ಇದೂ ಹಾಗೆಯೇ, ಹಾಸ್ಟೆಲ್ ಮಾತ್ರ ಇಲ್ಲ. ಅಕ್ಕಪಕ್ಕದ ಊರುಗಳಿಂದಲೂ ಮಕ್ಕಳನ್ನು ಸೆಳೆಯುತ್ತದೆ, ಅದಕ್ಕೇ ಮ್ಯಾಗ್ನೆಟ್. ಕಪ್ಪು, ಬಿಳಿ ಮಕ್ಕಳು ಒತ್ತಾಯವಿಲ್ಲದೆ ಒಟ್ಟಿಗೆ ಓದಲಿ ಅಂತ 1960ರ ದಶಕದ ಕೊನೆಯಲ್ಲಿ ಹುಟ್ಟಿದ ಯೋಚನೆ ಇದು. ಈಗ ಹೆಚ್ಚಿನವರಿಗೆ ಅದು ನೆನಪಿಲ್ಲ, ಸೀಟೊಂದೇ ನೆನಪು.

ನೀವು ಫೀಸು ಕಟ್ಟಬೇಕಿಲ್ಲ. ನಿಮ್ಮ ಲೌಡನ್ ಕೌಂಟಿಯೇ ಅಲ್ಲಿಗೆ ಹೋಗುವ ತನ್ನ ಮಕ್ಕಳ ಖರ್ಚನ್ನು ಫೇರ್‌ಫ್ಯಾಕ್ಸ್‌ಗೆ ಕೊಡುತ್ತದೆ. ವೀಸಾ ಚಿಂತೆಯೂ ಬೇಡ. ಇಲ್ಲಿನ ಸರ್ಕಾರಿ ಶಾಲೆಗಳು ನೋಡುವುದು ನೀವು ಎಲ್ಲಿ ವಾಸವಿದ್ದೀರಿ ಅನ್ನುವುದನ್ನು.

ಈಗ ಕೋಚಿಂಗ್ ವಿಷಯ. ಮೊದಲು ಪ್ರವೇಶ ಪರೀಕ್ಷೆ ಇತ್ತು, ಅರ್ಜಿಗೆ 100 ಡಾಲರ್ ಇತ್ತು. 2020ರ ಕೊನೆಗೆ ಎರಡನ್ನೂ ಕಿತ್ತುಹಾಕಿದರು. ಹೊಸ ಪದ್ಧತಿಯ ಮೊದಲ ವರ್ಷವೇ ಸೀಟು ಸಿಕ್ಕವರಲ್ಲಿ ಏಷ್ಯನ್ ಮಕ್ಕಳ (ನಮ್ಮವರೂ ಸೇರಿ) ಪಾಲು ಶೇ 73ರಿಂದ 54ಕ್ಕೆ ಇಳಿಯಿತು. ಕೆಲವು ಪೋಷಕರು ಕೋರ್ಟಿಗೆ ಹೋದರು. 2023ರಲ್ಲಿ ಮೇಲ್ಮನವಿ ಕೋರ್ಟ್ ಶಾಲಾ ಮಂಡಳಿ ಪರ ತೀರ್ಪು ಕೊಟ್ಟಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳಲಿಲ್ಲ. ನಮ್ಮವರಲ್ಲಿ ಈ ಬಗ್ಗೆ ಸಿಟ್ಟು ಇನ್ನೂ ಇದೆ. ಆ ಸಿಟ್ಟನ್ನು ಮಗಳ ತಲೆಗೆ ತುಂಬಬೇಡಿ.

ಹೊಸ ಪದ್ಧತಿಯಲ್ಲಿ ಸುಮಾರು 550 ಸೀಟು. ಪ್ರತಿ ಸರ್ಕಾರಿ ಮಿಡ್ಲ್ ಸ್ಕೂಲಿನ 8ನೇ ಗ್ರೇಡ್ ಮಕ್ಕಳ ಶೇ 1.5ರಷ್ಟು ಸೀಟು ಆ ಶಾಲೆಗೇ ಮೀಸಲು. 400 ಮಕ್ಕಳಿದ್ದರೆ 6 ಸೀಟು ಅಂದುಕೊಳ್ಳಿ. ಉಳಿದ ಸೀಟಿಗೆ ಎಲ್ಲರ ನಡುವೆ ಪೈಪೋಟಿ. ಜಿಪಿಎ, ಅಂದರೆ ಶಾಲೆಯ ಗ್ರೇಡ್‌ಗಳ ಸರಾಸರಿ, 4ಕ್ಕೆ 3.5 ಇರಬೇಕು. ತನ್ನ ಬಗ್ಗೆ ಬರೆಯಬೇಕು, ಒಂದು ಸಮಸ್ಯೆ ಬಿಡಿಸಿ ಅದನ್ನು ವಿವರಿಸಬೇಕು.

ಇಷ್ಟರಲ್ಲಿ ಹೊರಗಿನಿಂದ ಬಂದವರು ಎಡವುವುದು ಒಂದೇ ಕಡೆ: 8ನೇ ಗ್ರೇಡ್‌ನಲ್ಲಿ ಕನಿಷ್ಠ ಅಲ್ಜೀಬ್ರಾ 1 (ಬೀಜಗಣಿತದ ಮೊದಲ ಕೋರ್ಸ್) ಓದುತ್ತಿರಬೇಕು. ಊರಿನಲ್ಲಿ ಕ್ಲಾಸಿನ ಎಲ್ಲರಿಗೂ ಒಂದೇ ಗಣಿತ. ಇಲ್ಲಿ ಒಂದೇ ತರಗತಿಯಲ್ಲಿ ಮೂರು ಮಟ್ಟದ ಗಣಿತ ನಡೆಯಬಹುದು. ಹೊಸದಾಗಿ ಸೇರಿದ ಮಗುವನ್ನು ಯಾವ ಮಟ್ಟಕ್ಕೆ ಹಾಕಿದರು ಅಂತ ಅಪ್ಪ ಅಮ್ಮ ಕೇಳುವುದೇ ಇಲ್ಲ. ನಾಳೆಯೇ ಶಾಲೆಯ ಕೌನ್ಸೆಲರ್‌ಗೆ ಮೇಲ್ ಮಾಡಿ ಕೇಳಿ. ಈ ವರ್ಷದ ಅರ್ಜಿ ನಿಯಮವನ್ನೂ ಅವರ ಹತ್ತಿರವೇ ಖಾತ್ರಿ ಮಾಡಿಕೊಳ್ಳಿ.

ಶಾಲೆ ನಿಜಕ್ಕೂ ಚೆನ್ನಾಗಿದೆ. ಕೊನೆಯ ವರ್ಷ ಪ್ರತಿಯೊಬ್ಬರೂ ಲ್ಯಾಬ್‌ನಲ್ಲಿ ಸಂಶೋಧನೆ ಮಾಡಲೇಬೇಕು. ಇಲ್ಲಿನ ಮಕ್ಕಳು ಕಟ್ಟಿದ ಪುಟ್ಟ ಉಪಗ್ರಹ 2013ರ ನವೆಂಬರ್‌ನಲ್ಲಿ ಆಕಾಶಕ್ಕೆ ಹೋಯಿತು. ಹೈಸ್ಕೂಲ್ ಮಕ್ಕಳು ಮಾಡಿದ ಮೊದಲ ಉಪಗ್ರಹ ಅದು. ಆದರೆ ಆಶ್‌ಬರ್ನ್‌ನಿಂದ ಶಾಲೆಗೆ ಹೆಚ್ಚು ಕಡಿಮೆ 30 ಮೈಲಿ, ಅದೂ ಬೆಳಗಿನ ಟ್ರಾಫಿಕ್‌ನಲ್ಲಿ. ನಾಲ್ಕು ವರ್ಷ, ದಿನಾ ಎರಡು ಸಲ. ಮನೆಗೆ ಬಂದ ಮೇಲೆ ಹೋಂವರ್ಕೂ ಜಾಸ್ತಿ.

ನಿಮ್ಮ ಕೌಂಟಿಯಲ್ಲೇ, ಲೀಸ್‌ಬರ್ಗ್‌ನಲ್ಲಿ, 2018ರಿಂದ ಅಕಾಡೆಮೀಸ್ ಆಫ್ ಲೌಡನ್ ಇದೆ. ವಿಜ್ಞಾನಕ್ಕೊಂದು, ಎಂಜಿನಿಯರಿಂಗ್‌ಗೊಂದು, ಕೈಕಸುಬಿನ ತಾಂತ್ರಿಕ ತರಬೇತಿಗೊಂದು ಅಕಾಡೆಮಿ. ಅಲ್ಲಿಗೆ ಒಂದು ದಿನ, ಮಾಮೂಲಿ ಹೈಸ್ಕೂಲಿಗೆ ಮರುದಿನ. ಹಳೇ ಗೆಳತಿಯರು ಕೈತಪ್ಪಲ್ಲ. ಟಿಜೆ ಗುಂಗಿನಲ್ಲಿ ನಮ್ಮವರು ಇದನ್ನು ಸುಮ್ನೆ ಎರಡನೇ ದರ್ಜೆ ಮಾಡಿಬಿಟ್ಟಿದ್ದಾರೆ. ನನಗಂತೂ ಹಾಗನ್ನಿಸಲ್ಲ. ಎರಡನ್ನೂ ಮಗಳಿಗೆ ತೋರಿಸಿ. ಬಸ್ಸಿನಲ್ಲಿ ಕೂರುವವಳು ಅವಳು.

ಪ್ರಶ್ನೆ: ಮೊಮ್ಮಗ ನ್ಯೂಯಾರ್ಕಿನಲ್ಲಿ ಬ್ರಾಂಕ್ಸ್ ಸೈನ್ಸ್ ಶಾಲೆಗೆ ಪರೀಕ್ಷೆ ಬರೆಯುತ್ತಾನಂತೆ. ಮಾರ್ಕ್ಸ್ ಕಾರ್ಡ್ ನೋಡುವುದೇ ಇಲ್ಲ ಅನ್ನುತ್ತಾನೆ. ನಂಬಬಹುದಾ? (ಧಾರವಾಡದಿಂದ ಒಬ್ಬ ಅಜ್ಜ)

ಉತ್ತರ: ನಂಬಿ, ಅಜ್ಜಾ. ಅಲ್ಲಿ ವರ್ಜೀನಿಯಾಕ್ಕೆ ಪೂರಾ ಉಲ್ಟಾ. ಬ್ರಾಂಕ್ಸ್ ಸೈನ್ಸ್, ಸ್ಟೈವೆಸೆಂಟ್‌ನಂಥ ಎಂಟು ಸರ್ಕಾರಿ ಹೈಸ್ಕೂಲುಗಳಿಗೆ ಒಂದೇ ಪರೀಕ್ಷೆ, ಅದರ ಅಂಕವೇ ಎಲ್ಲ. 1971ರ ರಾಜ್ಯ ಕಾನೂನು ಇದರ ಬೆನ್ನಿಗಿದೆ. 1938ರಲ್ಲಿ ಶುರುವಾದ ಬ್ರಾಂಕ್ಸ್ ಸೈನ್ಸ್‌ನಲ್ಲಿ ಓದಿದ ಏಳು ಮಂದಿಗೆ ಭೌತಶಾಸ್ತ್ರದ ನೊಬೆಲ್ ಬಂದಿದೆ. ಅವರಲ್ಲಿ ಗ್ಲಾಷೊ, ವೈನ್‌ಬರ್ಗ್ ಸಹಪಾಠಿಗಳು. 1979ರ ಬಹುಮಾನ ಹಂಚಿಕೊಂಡವರಲ್ಲಿ ಇಬ್ಬರೂ ಇದ್ದರು. ಮಾದರಿ ಪ್ರಶ್ನೆಪತ್ರಿಕೆಯನ್ನು ನಗರದ ಶಿಕ್ಷಣ ಇಲಾಖೆಯೇ ಪುಕ್ಕಟೆ ಕೊಡುತ್ತದೆ. ಅದನ್ನು ಬಿಡಿಸಿ ಮುಗಿಸಿದ್ದಾನಾ ಅಂತ ಮುಂದಿನ ಸಲ ಫೋನ್ ಮಾಡಿದಾಗ ಕೇಳಿ.